ಅಲಾರಮ್ಮ

ಕಾರು ಮನೆಗೆ ಬಂದು ಒಂಬತ್ತು ದಿನ.
ಸೀಟಿನ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ,
ಬಾನೆಟ್ಟಿನ ಮೇಲೆ ಪೂಜೆಯ ಅರಿಶಿನ ಹಾಗೇ ಇತ್ತು.
ಬಿ.ಎಂ. ರಸ್ತೆಯ ಅಂಗಡಿಯವನು
ಸೀಟ್ ಕವರಿನ ಜೊತೆ ಅಲಾರಂ ಕೂಡ ಕೂರಿಸಿಕೊಟ್ಟಿದ್ದ.
'ಬೆಕ್ಕು ಮುಟ್ಟಿದ್ರೂ ಕೂಗುತ್ತೆ ಮೇಡಂ.'

ಬೆಕ್ಕು ಮುಟ್ಟಲಿಲ್ಲ.
ರಾತ್ರಿ ಎರಡು ನಲವತ್ತಕ್ಕೆ
ಪೆನ್ಷನ್ ಮೊಹಲ್ಲಾದ ನಮ್ಮ ಅಡ್ಡರಸ್ತೆ
ಎದ್ದು ಕೂತಿತು.

ಮೊದಲ ರಾತ್ರಿ ಎಂಟು ಮನೆಯ ದೀಪ ಹತ್ತಿದವು.
ರಿಟೈರ್ಡ್ ಕಂಡಕ್ಟರ್ ದ್ಯಾವಣ್ಣನವರು
ಮಂಕಿಟೋಪಿ, ದೊಣ್ಣೆ, ಸೊಸೆಯ ಶಾಲು ಸಮೇತ ಬಂದರು.
ಸುಗುಣಾ ಮಿಸ್ ಮಹಡಿಯಿಂದಲೇ ಟಾರ್ಚು ಬಿಟ್ಟರು.
ಎರಡನೇ ರಾತ್ರಿ ನಾಲ್ಕು ದೀಪ, ಒಂದು ಬೈಗುಳ.
ಬೆಳಿಗ್ಗೆ ಹಾಲಿನ ಬೂತಿನಲ್ಲಿ ದ್ಯಾವಣ್ಣ:
'ನಿಮ್ಮ ಅಲಾರಮ್ಮ ನೆನ್ನೇನೂ ಮೈಮೇಲೆ ಬಂದ್ಲಲ್ಲ, ಏನಂತೆ ಅವಳಿಗೆ?'
ಮೂರನೇ ರಾತ್ರಿ ಯಾರದೋ ಕಿಟಕಿ ಠಪ್ಪೆಂದಿತು.
ನಾಲ್ಕನೇ ರಾತ್ರಿ
ಅದು ಕೂಗಿತು, ಕೂಗಿಯೇ ಕೂಗಿತು,
ಯಾರೂ ಮಗ್ಗುಲು ಬದಲಿಸಲಿಲ್ಲ.

ನಾನು ನಿಜವಾಗಿ ಹೆದರಿದ್ದು ಅವತ್ತು.

ದೊಡ್ಡಾಸ್ಪತ್ರೆಯ ಐಸಿಯುನಲ್ಲಿ ಹನ್ನೊಂದು ವರ್ಷದ ನರ್ಸು ನಾನು.
ಅಲ್ಲೂ ಹಾಸಿಗೆಗೊಂದು ಕೂಗು.
ಬೆರಳಿನ ಕ್ಲಿಪ್ಪು ಜಾರಿದರೆ ಕೂಗು, ಡ್ರಿಪ್ಪು ಮುಗಿದರೆ ಕೂಗು,
ಪಕ್ಕಕ್ಕೆ ಹೊರಳಿದರೂ ಕೂಗು.
ಹೊಸ ಹುಡುಗಿಯರು ಓಡುತ್ತಾರೆ.
ಹಳಬರು ಕೂತಲ್ಲಿಂದಲೇ ಕೈ ಚಾಚಿ ಗುಂಡಿ ಒತ್ತುತ್ತಾರೆ.
ನಾನು ಹಳಬಳು.

ಐದನೇ ರಾತ್ರಿ ಕಾರಿನೆದುರು ಕುರ್ಚಿ ಹಾಕಿ ಕೂತೆ,
ಫ್ಲಾಸ್ಕಿನಲ್ಲಿ ಕಾಫಿ, ತಲೆಗೆ ಮಫ್ಲರು.
ಡ್ಯಾಶ್‌ಬೋರ್ಡಿನ ಕೆಂಪು ಚುಕ್ಕಿ
ಕೂಗು ನಿಂತ ಮೇಲೆ ಏನೋ ಹೇಳುತ್ತಿತ್ತು:
ನಾಲ್ಕು ಸಲ ಮಿಟುಕು, ಸುಮ್ಮನೆ. ಮತ್ತೆ ನಾಲ್ಕು ಸಲ.
ಬ್ಯಾಟರಿ ತಂತಿ ಕಿತ್ತೆ. ಆಗಲೂ ಕೂಗಿತು.
ಸೈರನ್ನಿನ ಹೊಟ್ಟೆಯಲ್ಲೇ ಇನ್ನೊಂದು ಬ್ಯಾಟರಿಯಂತೆ,
ಕಳ್ಳ ತಂತಿ ಕತ್ತರಿಸಿದರೂ ಬಾಯಿ ಕಟ್ಟದಿರಲೆಂದು.

ಅಂಗಡಿಯವನು ಸೆನ್ಸಾರ್ ತಿರುಗಿಸಿ ತಿರುಗಿಸಿ
ಕಾರನ್ನು ಒದ್ದರೂ ಸುಮ್ಮನಿರುವಂತೆ ಮಾಡಿದ.
ಎರಡು ನಲವತ್ತಕ್ಕೆ ಮಾತ್ರ ಯಥಾಪ್ರಕಾರ.
ಶೋರೂಮಿನವರು: 'ಹೊರಗಿನ ಫಿಟಿಂಗು, ನಮಗೆ ಸಂಬಂಧ ಇಲ್ಲ.'

ಸಾಲಗಾಮೆ ರಸ್ತೆಯ ಮುಬಾರಕ್ ಕಾರು ಮುಟ್ಟಲಿಲ್ಲ,
ಮೊದಲು ಕೇಳಿದ: 'ಯಾವಾಗ ಬರುತ್ತೆ? ಚಳಿ ಜಾಸ್ತಿ ಆದಾಗ್ಲಾ?'
ನಮ್ಮ ಎಷ್ಟೋ ಡಾಕ್ಟರು ಇಷ್ಟು ಕೇಳುವುದಿಲ್ಲ.
ನಾಲ್ಕು ಮಿಟುಕು ಎಂದೆ. ನಕ್ಕ. ಬಾನೆಟ್ ಎತ್ತಿದ.
ಮೂಲೆಯಲ್ಲಿ ಕಿರುಬೆರಳಿನಷ್ಟು ಒಂದು ಪಿನ್ನು,
ಮುಚ್ಚಳ ಅದರ ನೆತ್ತಿ ಒತ್ತಿರಬೇಕು.
ಹಗಲು ಒತ್ತುತ್ತಿತ್ತು. ಹಾಸನದ ಡಿಸೆಂಬರಿಗೆ
ತಗಡು ಒಂದು ಕೂದಲೆಳೆ ಕುಗ್ಗಿದರೆ
ಅದರ ಲೆಕ್ಕಕ್ಕೆ ಕಳ್ಳ ಬಂದ ಹಾಗೆ.
'ಹಾಸನಾಂಬೆ ಬಾಗ್ಲು ವರ್ಷಕ್ಕೊಂದ್ಸಲ ತೆಗೀತದೆ,
ನಿಮ್ ಬಾನೆಟ್ಟು ದಿನಾ ರಾತ್ರಿ ತೆಗೀತಿದೆ ಸಿಸ್ಟರ್.'

ಸುತ್ತ ನೋಡಿದ, ಬೇಕಾದ್ದು ಸಿಗಲಿಲ್ಲ.
ಕಾಲಿಂದ ಹವಾಯಿ ಚಪ್ಪಲಿ ಕಳಚಿ
ಹಿಮ್ಮಡಿಯ ಮೂಲೆಯಿಂದ ಚೌಕ ರಬ್ಬರು ಕೊಯ್ದು
ಪಿನ್ನಿನ ನೆತ್ತಿಗೆ ತಾಗುವಲ್ಲಿ ಅಂಟಿಸಿದ.
ಇನ್ನೂರು ತಗೊಂಡ. ಚಪ್ಪಲಿಗೆ ಬೇಡ ಅಂದ.
ಗೇಟು ದಾಟುವಾಗ ಒಂದು ಹೆಜ್ಜೆ ಚಟ್, ಒಂದು ಹೆಜ್ಜೆ ಚಪ್.

ಆಮೇಲೆ ಅದು ಕೂಗಿಲ್ಲ.
ದ್ಯಾವಣ್ಣ ಒಂದು ವಾರ ವಿಚಾರಿಸಿದರು, ಬಿಟ್ಟರು.

ಮುಂದಿನ ವಾರ ನನಗೆ ನೈಟ್ ಡ್ಯೂಟಿ.
ಏಳನೇ ಬೆಡ್ಡು ಕೂಗಿತು.
ಕ್ಲಿಪ್ಪು ಜಾರಿರುತ್ತೆ, ಬಿಡಿ ಸಿಸ್ಟರ್, ಅಂದಳು ಹುಡುಗಿ,
ಆಗಲೇ ಗುಂಡಿಯತ್ತ ಬೆರಳು.
ಎದ್ದೆ. ಮೆಷಿನ್ನಿಗಿಂತ ಮೊದಲು ಮುಖ ನೋಡಿದೆ.
ಕ್ಲಿಪ್ಪೇ ಜಾರಿತ್ತು.
ಎಪಿಎಂಸಿ ಯಾರ್ಡಿನ ಹಮಾಲಿ ಚೆಲುವಯ್ಯ
ಕಣ್ಣು ಬಿಟ್ಟು ಕೇಳಿದ:
'ಆಲೂಗೆಡ್ಡೆ ಲಾರಿ ಬಂತೇನವ್ವಾ?'
ಬಂತು, ಎಂದೆ.
ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಕೈ ಬಿಡದೆ,
ಇಳಿಸೋಕೆ ಬೇರೆಯವರಿದಾರೆ, ನೀವು ಮಲಗಿ.