ಏಳನೆಯ ಪ್ರತಿ

ಊರಿನ ಹೆಸರು ವೂಚ್. ಅವರ ಮಾತಿನಲ್ಲಿ, ನನ್ನ ಮಾತಿನಲ್ಲಿ, ದೋಣಿ.
ಕಡಲಿಲ್ಲ ಇಲ್ಲಿ. ದೋಣಿಯನ್ನು ನಾನಂತೂ ಕಂಡಿಲ್ಲ.
ಇದ್ದ ಹೊಳೆಗಳನ್ನೂ ಗಿರಣಿಗಳ ಅಡಿಗೆ ಹೂತು
ಮೇಲೆ ಟ್ರಾಮು ಓಡಿಸಿದ್ದಾರೆ.

ನಮ್ಮ ಗಿರಣಿ ಮುಚ್ಚಿ ಮೂವತ್ತು ವರ್ಷ.
ಮೂರನೆಯ ಮಹಡಿ, ಅರಳೆಯ ಧೂಳು ಇನ್ನೂ ಬಿಡದ ಕಿಟಕಿ,
ಪಕ್ಕದಲ್ಲಿ ನನ್ನ ಮೇಜು, ಅಚ್ಚಿನ ಯಂತ್ರ,
ಕಂತಿನಲ್ಲಿ ಕೊಂಡ ಕಂಪ್ಯೂಟರು.

ಮೊದಲ ಪದರ ಪ್ರಿಂಟರಿನದು.
ಗೆನೊವೇಫಾ ಅತ್ತೆಯ ಹಳೆಯ ಏಪ್ರನ್ನನ್ನು
ಸ್ಕ್ಯಾನರಿನ ಗಾಜಿಗೆ ಬೋರಲು ಹಾಕಿ
ಎಳೆ ಎಳೆ ಎಣಿಸುವಷ್ಟು ಹಿಗ್ಗಿಸಿದೆ.
ತೆರೆಯ ಮೇಲೆ ಒಂದು ಹೊಲಿಗೆ ಹೆದ್ದಾರಿಯಾಯಿತು,
ಒಂದು ಕಲೆ, ಎಣ್ಣೆಯದೋ ಸೂಪಿನದೋ, ಕೆರೆಯಾಯಿತು.
ಕೆರೆಗೆ ನೀಲಿ ಕೊಟ್ಟೆ. ಆಮೇಲೆ ಬೂದಿ. ಆಮೇಲೆ ಮತ್ತೆ ನೀಲಿ.
ಅಲ್ಲಿ ಮನಸ್ಸು ಬದಲಿಸುವುದಕ್ಕೆ ಖರ್ಚಿಲ್ಲ.

ಅದರ ಮೇಲೆ ಲಿನೋಲಿಯಮ್ಮಿನ ಅಚ್ಚು.
ಗಸಗಸೆ ಹೂವನ್ನು ಕನ್ನಡಿಯೊಳಗಿನಂತೆ, ಎಡವೇ ಬಲವಾಗಿ,
ಕಪ್ಪು ಉಳಿಯಬೇಕಾದಲ್ಲಿ ಉಸಿರು ಹಿಡಿದು ಕೊರೆಯಬೇಕು.
ಉಳಿ ಜಾರಿತು. ದಳವೊಂದರ ತುದಿ ಹೋಯಿತು.
ಎಡಗೈಯ ಎರಡು ಬೆರಳು ತಾವಾಗಿಯೇ
ಗಾಳಿಯಲ್ಲಿ ಕೀಲಿ ಒತ್ತಿದವು: ಆದದ್ದು ಆಗದಿರಲಿ.
ದಳದ ಚೂರು ನೆಲದ ಮೇಲೆ ಸುರುಳಿಯಾಗಿ ಬಿದ್ದಿತ್ತು,
ಕತ್ತರಿಸಿದ ಉಗುರಿನ ಹಾಗೆ.

ಕೊನೆಗೆ ಕುಂಚ. ಕೆಂಪು.
ಇಪ್ಪತ್ತು ಹಾಳೆಗೂ ಅದೇ ಕೆಂಪು ಎಂದುಕೊಂಡರೂ
ಹನ್ನೊಂದರ ಹೊತ್ತಿಗೆ ಹಸಿವಾಗಿತ್ತು,
ಹದಿನಾಲ್ಕಕ್ಕೆ ದೀಪ ಹಾಕಬೇಕಾಯಿತು.
ಕೆಂಪಿಗೆ ಅದೆಲ್ಲ ಗೊತ್ತಾಗಿಬಿಡುತ್ತದೆ.

ಭಾನುವಾರ ಅತ್ತೆ ಬಂದಳು,
ಮಹಡಿಗೊಮ್ಮೆ ನಿಂತು ಮೆಟ್ಟಿಲನ್ನು ಬೈಯುತ್ತ.
ಇದೇ ಗಿರಣಿಯಲ್ಲಿ ಇಪ್ಪತ್ತಾರು ವರ್ಷ
ಹರಿದು ಬರುವ ಬಟ್ಟೆಯಲ್ಲಿ ತಪ್ಪು ಹುಡುಕಿದವಳು.
ತಪ್ಪಿದ ಎಳೆ, ಕದಡಿದ ಹೂ:
ಕಂಡಲ್ಲಿ ಸೀಮೆಸುಣ್ಣದ ಒಂದು ಗೀಟು,
ಗೀಟಿಗೆ ಇಷ್ಟೆಂದು ನೇಯ್ದವಳ ಕೂಲಿಯಲ್ಲಿ ಕಡಿತ.
"ಮದುವೆಗಳಿಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ,"
ಎನ್ನುತ್ತಾಳೆ, ನಗದೆ.

ಕನ್ನಡಕ ಹಾಕಲಿಲ್ಲ. ಹೆಬ್ಬೆರಳು ಇಟ್ಟಳು.
ಒಣಗಿದ ಮಸಿಯ ಮೇಲೆ ಮೆಲ್ಲಗೆ ಸರಿಸಿ
ಮುರಿದ ದಳದ ಬಳಿ ನಿಂತು,
ಕೋಟಿನ ಜೇಬಿನಿಂದ ಸುಣ್ಣದ ಚೂರು ತೆಗೆದು
(ಇನ್ನೂ ಯಾಕೆ ಇಟ್ಟುಕೊಂಡಿದ್ದಳೋ)
ಎಳೆದೇಬಿಟ್ಟಳು. ನನ್ನ ಚಿತ್ರದ ಮೇಲೆ.

ಬಾಯಿಗೆ ಬಂದದ್ದನ್ನು ನುಂಗಿ ನೋಡಿದೆ.
ಮೂರೂ ಪದರ ಮೂರು ದಿಕ್ಕಿಗೆ ಜಗ್ಗುತ್ತಿದ್ದವು,
ಆ ಗೀಟಿನ ಹತ್ತಿರ ಬಂದು ಸುಮ್ಮನಾಗಿದ್ದವು.

ಇದನ್ನೇ ಸ್ಕ್ಯಾನ್ ಮಾಡಿ ಎಲ್ಲಕ್ಕೂ ಹಾಕುತ್ತೇನೆ, ಅಂದೆ.
"ತಲೆ ಕೆಟ್ಟಿದೆಯಾ?
ಒಂದೇ ಜಾಗದಲ್ಲಿ ಎರಡು ಸಲ ಬಂದರೆ ಅದು ತಪ್ಪಲ್ಲ, ಡಿಸೈನು.
ಕೊಡು ಇಲ್ಲಿ."

ಎರಡನೆಯ ಹಾಳೆಯಿಂದಲೇ ಮುರಿದ ದಳವನ್ನು ಮನ್ನಿಸಿದಳು.
ಒಂದರಲ್ಲಿ ಕೆಂಪು ಗೆರೆ ದಾಟಿತ್ತು, ಒಂದರಲ್ಲಿ ನನ್ನ ಕೂದಲು,
ಹದಿನಾಲ್ಕಕ್ಕೆ ಎರಡು ಗೀಟು.
ಸುಣ್ಣ ಉದುರದಿರಲೆಂದು ನಾನು ಹಿಂದೆ ಹಿಂದೆಯೇ
ಹೇರ್‌ಸ್ಪ್ರೇ ಹೊಡೆಯುತ್ತ.

ಏಳನೆಯದನ್ನು ಮಾತ್ರ ಕಿಟಕಿಗೆ ಹಿಡಿದಳು. ತಿರುಗಿಸಿದಳು.
ಹೆಬ್ಬೆರಳು ಎಲ್ಲೂ ತಡೆಯಲಿಲ್ಲ.
ಕೆಳಗೆ ಟ್ರಾಮೊಂದು ಹೂತ ಹೊಳೆಯನ್ನು ದಾಟಿತು.
"ಇದರಲ್ಲಿ ಏನೂ ಸಿಗುತ್ತಿಲ್ಲ,"
ಮುಖ ಸಣ್ಣದು ಮಾಡಿ ಬೇರೆ ಇಟ್ಟಳು.
"ನಂಬಬೇಡ ಇದನ್ನು. ಇನ್ನೊಮ್ಮೆ ಒತ್ತು."