ನಲವತ್ತೊಂದರಿಂದ ನಲವತ್ತೆಂಟು

ಹಲ್ ಊರಿನಲ್ಲಿ, ಬೇಕರಿಯ ಮಹಡಿ ಮೇಲೆ ನಮ್ಮ ವಕೀಲರ ಕಚೇರಿ.
ಬೆಳಗಿನ ಹತ್ತಕ್ಕೇ ಮೆಟ್ಟಿಲೆಲ್ಲ ಬೆಣ್ಣೆ ಕರಗಿದ ಘಮ,
ಒಳಗೆ ಟೋನರಿನ ಘಾಟು.
ಹಾರ್ಕರ್ ಸಾಹೇಬರು ಬಾಗಿಲಿಂದಲೇ ಹೇಳಿ ಹೋದರು:
"ಲ್ಯಾಂಪ್ಲೂ ಕಡತ. ನಲವತ್ತೊಂದರಿಂದ ನಲವತ್ತೆಂಟು.
ಅಷ್ಟೇ ಸಾಕು. ಮಧ್ಯಾಹ್ನದೊಳಗೆ."

ಕಡತವೆಂದರೆ ಆರುನೂರ ಹದಿನಾಲ್ಕು ಪುಟ.
ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ
ಕೊಳವೆಗಳಿಗೆ ಕಲ್ನಾರು ಸುತ್ತಿದವನ ಎದೆಗೂಡಿನ ಚಿತ್ರ,
ಯಾರೋ ಓರೆಯಾಗಿ ಸ್ಕ್ಯಾನ್ ಮಾಡಿದ ರಜಾ ಅರ್ಜಿ,
ತಲೆಕೆಳಗಾದ ರಕ್ತದ ವರದಿ,
ನಡುವೆ ಎರಡು ಖಾಲಿ ಹಾಳೆ.
ಖಾಲಿಗೂ ಒಂದೊಂದು ನಂಬರು.

ನನಗಿದು ಅವರೆಕಾಳು ಹಿತಕುವ ಕೆಲಸ.
ರಾತ್ರಿ ನೆನೆಸಿದ್ದನ್ನು ಬೆರಳ ನಡುವೆ ಒತ್ತಿದರೆ
ಬೇಳೆ ಚಂಗನೆ ಆಚೆ, ಸಿಪ್ಪೆ ಕೈಯಲ್ಲಿ.
ಇಲ್ಲಿ ಮಾತ್ರ ಎಷ್ಟು ಹಿತಕಿದರೂ
ಕಾಳು ಕಾಳಾಗಿಯೇ ಉಳಿಯುತ್ತದೆ,
ತೆಗೆದ ಜಾಗ ತುಂಬಿಯೇ ಇರುತ್ತದೆ.
ದೀಪದಿಂದ ದೀಪ ಹಚ್ಚಿದಂತೆ ಅನ್ನೋಣವೆಂದರೆ
ಎದುರಿಗಿರುವುದು ಪಿಡಿಎಫ್. ನಗು ಬಂತು.

ಎರಡು ಅಂಕಿ ತುಂಬಿ ಒತ್ತಿದೆ.
ಎಂಟು ಪುಟದ ಹೊಸ ಕಡತ ಹುಟ್ಟಿತು,
ಹೆಸರಿಲ್ಲದೆ, ಒಂದರಿಂದ ಎಣಿಸಿಕೊಳ್ಳುತ್ತ,
ತಾನು ಎಲ್ಲೋ ನಡುವಿನಿಂದ ಬಂದದ್ದನ್ನು ಮರೆತು.
ಮೊದಲ ಸಾಲೇ ಮುಂಡ:
"ಆಗುವುದಿಲ್ಲ ಎಂದು ತಿಳಿಸಿದೆ."

ಶ್ವಾಸಕೋಶದ ವರದಿ ಇದಲ್ಲ.
ಮೂಲೆಯಲ್ಲಿ ಅಚ್ಚಾದ ಅಂಕಿ ಮೂವತ್ತೇಳು.
ಹೊದಿಕೆ, ಪರಿವಿಡಿ ಅಂತ ಮುಂದೆ ನಾಲ್ಕು ಪುಟ ಸೇರಿಸಿದ್ದಾರೆ;
ಯಂತ್ರ ಅವನ್ನೂ ಎಣಿಸುತ್ತದೆ, ಮನುಷ್ಯ ಎಣಿಸುವುದಿಲ್ಲ.

ಅಳಿಸಬೇಕಿತ್ತು. ಓದಿದೆ.
ತಲೆ ಹುಡುಕಿಕೊಂಡು ಹಿಂದಿನ ಪುಟಕ್ಕೂ ಹೋದೆ.
ನರ್ಸ್ ಒಬ್ಬಳ ಕೈಬರಹ, ರಾತ್ರಿ ಎರಡು ಇಪ್ಪತ್ತು.
"ಕಿಟಕಿ ತೆಗೆಯಿರಿ, ನದಿಗೆ ಉಬ್ಬರ ಬಂದಿದೆ,
ವಾಸನೆ ಬರುತ್ತಿದೆ ಎಂದರು. ಮೊಳೆ ಹೊಡೆದಿದೆ, ತೆಗೆಯಲು
ಆಗುವುದಿಲ್ಲ ಎಂದು ತಿಳಿಸಿದೆ.
ಹತ್ತು ನಿಮಿಷ ಜೊತೆಗೆ ಕೂತೆ. ಹಡಗುಗಳ ಹೆಸರು ಹೇಳಿದರು.
ನಿದ್ದೆ ಹೋದರು."

ಮೊಕದ್ದಮೆಗೆ ಇದರಿಂದ ಮೂರು ಕಾಸಿನ ಉಪಯೋಗವಿಲ್ಲ.
ಕಂಪನಿಯ ಹೆಸರಿಲ್ಲ, ಕಲ್ನಾರಿನ ಸುದ್ದಿಯಿಲ್ಲ,
ಹತ್ತು ನಿಮಿಷಕ್ಕೆ ಇಷ್ಟು ಪೌಂಡು ಎಂದು
ಯಾವ ಕೋಷ್ಟಕದಲ್ಲೂ ನಾನು ಕಂಡಿಲ್ಲ.

ನಲವತ್ತೈದರಿಂದ ಐವತ್ತೆರಡು.
ಈ ಸಲ ಸರಿಯಾದವು ಬಂದವು. ಕಳಿಸಿದೆ.
ತಪ್ಪಿದ್ದು ಪರದೆಯ ಮೂಲೆಯಲ್ಲಿ ಹಾಗೇ ಕೂತಿತ್ತು.

ಮೂರು ಗಂಟೆಗೆ ಡೊರೀನ್ ಲ್ಯಾಂಪ್ಲೂ ಸಹಿ ಹಾಕಲು ಬಂದರು,
ನಾಯಿಯನ್ನು ಕೆಳಗೆ ಕಂಬಿಗೆ ಕಟ್ಟಿ,
ಬೇಕರಿಯ ಬನ್ನು ಎರಡು ಕಟ್ಟಿಸಿಕೊಂಡು.
ಆ ರಾತ್ರಿ ಮನೆಗೆ ಹೋಗಿದ್ದೆ, ಎಂದರು, ನಾನು ಕೇಳದೆಯೇ.
ಇವನಿಗೆ ಊಟ ಹಾಕಬೇಕಿತ್ತಲ್ಲ.
ಐದಕ್ಕೆ ಫೋನು ಬಂತು.
ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದರು.

ನಮ್ಮಲ್ಲಿ ಹಾಳೆಯ ಮಗ್ಗುಲಿಗೂ ಪುಟವೆನ್ನುತ್ತಾರೆ,
ಚಿನ್ನ ಕಾಯಿಸಿ ಕಿಟ್ಟ ಕಳೆಯುವುದಕ್ಕೂ.
ಇದನ್ನು ಆ ತಾಯಿಗೆ ಯಾವ ಇಂಗ್ಲಿಷಿನಲ್ಲಿ ಹೇಳಲಿ?
ನಲವತ್ತು, ನಲವತ್ತೊಂದು, ಎರಡೇ ತೆಗೆದು ಮುದ್ರಿಸಿದೆ.
ಮುಂಡಕ್ಕೆ ತಲೆ ಕೂಡಿತು.

ಕನ್ನಡಕ ಹುಡುಕಿ, ನಿಂತೇ ಓದಿದರು.
"ಹತ್ತು ನಿಮಿಷ," ಎಂದರು.
ಸ್ವಲ್ಪ ಹೊತ್ತಿಗೆ,
"ಆ ಹೆಸರುಗಳನ್ನು ಅವನೆಂದೂ ಸರಿಯಾಗಿ ಹೇಳಿದವನಲ್ಲ.
ಪ್ರತಿ ಸಲ ಒಂದು ಹಡಗು ಬಿಡುತ್ತಿದ್ದ."
ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ
ಬನ್ನಿನ ಪೊಟ್ಟಣದ ಜೊತೆಗೇ ಚೀಲಕ್ಕಿಟ್ಟರು.
ಜಿಡ್ಡಾಗುತ್ತದೆ ಎನ್ನಲು ಬಾಯಿ ತೆರೆದವಳು
ಸಹಿ ಇಲ್ಲಿ, ಎಂದು ಗೆರೆ ತೋರಿಸಿದೆ.

ಸಂಜೆ ದೀಪ ಆರಿಸುವ ಮುನ್ನ ಮೂಲ ಕಡತ ನೋಡಿದೆ.
ಆರುನೂರ ಹದಿನಾಲ್ಕು. ಒಂದೂ ಕಡಿಮೆಯಿಲ್ಲ.
ಮುಚ್ಚಿದಾಗ, ಬದಲಾವಣೆ ಉಳಿಸಬೇಕೇ ಎಂದು
ಯಂತ್ರ ಕೇಳಲೂ ಇಲ್ಲ.