ಟವೆಲಿನಡಿಯ ಮಾತು

ಚಿಂತಾಮಣಿಯ ದನದ ಸಂತೆಯಲ್ಲಿ
ಮೂವತ್ತು ವರ್ಷ ಈ ಬಲಗೈಯೇ ನನ್ನ ಬಾಯಿ.
ಹೆಗಲ ಟವೆಲು ಇಳಿಸಿ, ಅದರಡಿ
ಕೊಳ್ಳುವವನ ಬೆರಳು ಹಿಡಿದರೆ
ಬೆರಳಿಗೊಂದು ಸಾವಿರ,
ಗೆಣ್ಣು ಒತ್ತಿದರೆ ಅರ್ಧ.
ಪಕ್ಕದಲ್ಲೇ ನಿಂತ ಎತ್ತಿಗೂ ಗೊತ್ತಾಗುತ್ತಿರಲಿಲ್ಲ
ತನ್ನ ಬೆಲೆ.

ಹೋದ ಕಾರ್ತಿಕದಲ್ಲಿ ಬಚ್ಚಲಲ್ಲಿ ಬಿದ್ದೆ.
ಸೊಟ್ಟಗಾದ ಬಾಯಿ ಸರಿಹೋಯ್ತು,
ಕೈ ಮೂಕಾಯ್ತು.

ಈಗ ಆಸ್ಪತ್ರೆಯ ಮಹಡಿ.
ಕಪ್ಪು ಕೈಗವಸು, ಬೆರಳಿಗೊಂದು ತಂತಿ.
ಫಿಸಿಯೋ ಹುಡುಗಿ ಶಾಯಿಸ್ತಾ ಅನ್ನುತ್ತಾಳೆ:
“ಮಡಚಿ ತಾತ, ಇನ್ನೊಂಚೂರು.”
ಮಡಚಿದೆ ಅಂತಲೇ ನಾನಂದುಕೊಂಡಿದ್ದೆ.
ನಾಲ್ಕು ಡಿಗ್ರಿ, ಅಂತು ಪರದೆ.

ನಾಲ್ಕೇ?
ಗುಟ್ಟು ಕಾಯಲು ಬಾರದ ಯಂತ್ರ.
ಸರದಿಯಲ್ಲಿ ಕೂತವರೆಲ್ಲರ ಎದುರು
ಹಸಿರು ಅಂಕಿಯಲ್ಲಿ
ನನ್ನನ್ನು ಹರಾಜು ಕೂಗುತ್ತದೆ.

ನಾಚಿಕೆಯಾಗಿ ನಿನ್ನೆ
ಕೈಮೇಲೆ ಟವೆಲು ಎಳೆದುಕೊಂಡೆ.
ಹುಡುಗಿ ನಕ್ಕಳು, ತೆಗೆಯಲಿಲ್ಲ.

ಬಟ್ಟೆಯ ಕತ್ತಲಲ್ಲಿ ಹಳೇ ಬೆವರಿನ ವಾಸನೆ.
ಕೆಂದೆತ್ತು, ಆರು ಹಲ್ಲು,
ಎಡಗೊಂಬು ಕೊಂಚ ಮುಂದಕ್ಕೆ.
ಮುರುಗಮಲ್ಲದ ಸಾಬರು ಬಿಗಿ ಹಿಡಿದಿದ್ದಾರೆ,
ಒಂದು ಗೆಣ್ಣು, ಒಂದೇ ಗೆಣ್ಣು
ಇಳಿದರೆ ವ್ಯಾಪಾರ ಕುದುರುತ್ತೆ...

“ಹನ್ನೊಂದು!” ಕೂಗಿದಳು ಶಾಯಿಸ್ತಾ,
“ಏನ್ ಮಾಡಿದ್ರಿ ತಾತ?”

ಅದನ್ನೆಲ್ಲ ದಲ್ಲಾಳಿ
ಬಾಯಲ್ಲಿ ಹೇಳುವುದಿಲ್ಲ.